ಚಾಚಿದ ಅಂಗೈ

ಗುರುಪುತ್ರಪ್ಪನವರು ಗುದ್ದಿದ ಗುದ್ದಿಗೆ ಮುನಾಫನ ಮುಂದಿನ ಹಲ್ಲು ಮುರಿದು ವಾರವಾಗಿತ್ತು. ಹಿಂದವಾಡಿಯ ಆ ಖಾಸಗಿ ಮಾನಸಿಕ ಆಸ್ಪತ್ರೆಯಲ್ಲಿ ಹಲ್ಲು ಮುರಿಸಿಕೊಳ್ಳುವುದೂ ವಾರ್ಡ್ ಬಾಯ್ ಕೆಲಸದಲ್ಲೇ ಸೇರಿತ್ತು. ಹೆಸರಿಗೆ ಬಾಯ್, ವಯಸ್ಸು ನಲವತ್ತೆಂಟು, ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬರುವವ. ಅವನಿಗೆ ಸಿಟ್ಟಿರಲಿಲ್ಲ, ಚಿಂತೆಯಿತ್ತು. ಬೀಡಿ ಊರಿನ ಈ ಮುದುಕರು ಸೇರಿದಂದಿನಿಂದ ಊಟದ ತಾಟು ಬಂದರೆ ಸಾಕು, ಜಗಳ. ಕಟ್ಟಿಹಾಕಿ ತಿನ್ನಿಸಿದರೆ ಉಗುಳುತ್ತಿದ್ದರು. ಅಷ್ಟಿಷ್ಟು ಒಳಗೆ ಹೋದದ್ದರ ಮೇಲೆ ಜೀವ ಹಿಡಿದಿದ್ದರು. ಇವತ್ತು ಮಧ್ಯಾಹ್ನವೂ ಉಣ್ಣದಿದ್ದರೆ ಮೂಗಿಗೆ ಪೈಪು ಹಾಕುವುದೇ ಎಂದು ಡಾಕ್ಟರು ಹೇಳಿ ಹೋಗಿದ್ದರು. ಪೈಪು ಹಾಕಿದವರ ಕೈಯನ್ನು ಇಲ್ಲಿ ಹಗಲೂ ರಾತ್ರಿ ಬಿಚ್ಚುವುದಿಲ್ಲ.

ಅಂದು ಬೆಳಿಗ್ಗೆ ಮನಿಷಾ ಎಂಬ ಹುಡುಗಿ ಫಾರ್ಮುಗಳ ಕಟ್ಟು ಹಿಡಿದು ಬಂದಳು. ರೋಗಿಗಳನ್ನು ಕಟ್ಟಿಹಾಕುವುದರ ಬಗ್ಗೆ ಸಂಶೋಧನೆಯಂತೆ. ರಿಜಿಸ್ಟರ್ ತಿರುವಿದಳು. ಗುರುಪುತ್ರಪ್ಪನವರ ಹೆಸರಿನ ಮುಂದೆ ಹದಿನೇಳು ಸಲ 'ಹಿಂಸೆ' ಎಂದು ಕಾಂತಾ ಸಿಸ್ಟರ್ ಬರೆದಿದ್ದರು.

"ಇದು ಆಮ್ಯಾಲಿಂದಾತು. ಅವರು ಹೊಡಿಯೂಕಿಂತ ಮದಲ ಏನಾತು, ಕಾಕಾ?"

ಮುನಾಫನ ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರೂ ಕೇಳದ ಪ್ರಶ್ನೆ.

"ಏನಿಲ್ಲವಾ. ತಾಟ ತಂದ್ವಿ. ಅವರು ಎಡಗೈ ಮುಂದ ಚಾಚಿದ್ರು. ಹೊಡ್ಯಾಕ ಬಂದ್ರು ಅಂತ ಅದನ್ನ ಹಿಡದು ಕಟ್ಟಾಕ ಹೋದ್ವಿ. ಆವಾಗ ಗುದ್ದಿದ್ರು."

"ಹ್ಯಾಂಗ ಚಾಚಿದ್ರು? ತೋರಸ್ರಿ."

ಮುನಾಫ ತೋರಿಸಿದ. ಅಂಗೈ ಮೇಲಾಗಿ, ಎದೆಯ ಎತ್ತರಕ್ಕೆ, ಬೆರಳು ತುಸು ಮಡಿಚಿ. ತೋರಿಸುತ್ತಲೇ ತನ್ನ ಅಂಗೈಯನ್ನೇ ನೋಡಿದ. ಖಾನಾಪುರದಲ್ಲಿ ಬಾಜೂ ಮನೆಯ ಬಸವಣ್ಣೆವ್ವ ದಿನಾ ಲಿಂಗವನ್ನು ಹೀಗೇ ಅಂಗೈಯಲ್ಲಿಟ್ಟು ಕೂರುತ್ತಿದ್ದಳು. ಪೂಜೆ ಮುಗಿಯುವ ತನಕ ಹನಿ ನೀರೂ ಮುಟ್ಟುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು! ಆದರೆ ಒಬ್ಬನನ್ನು ಹುಚ್ಚನೆಂದು ಬರೆದುಕೊಂಡ ಮೇಲೆ ಅವನ ಕೈ ಏನನ್ನಾದರೂ ಬೇಡುತ್ತಿರಬಹುದು ಅಂತ ಯಾರಿಗೆ ಹೊಳೆಯುತ್ತದೆ? ಮುನಾಫನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಗುರುಪುತ್ರಪ್ಪನವರ ಕೊರಳಿನ ಲಿಂಗವನ್ನು ಸೇರಿದ ದಿನವೇ ಬಿಚ್ಚಿ ಕಪಾಟಿನಲ್ಲಿಟ್ಟಿದ್ದರು. ಅವನು ಕಾಂತಾ ಸಿಸ್ಟರ್ ಬಳಿ ಓಡಿದ.

"ಅದಕ್ಕ ದಾರ ಐತಿ, ಮುನಾಫ. ಉರ್ಲ ಹಾಕ್ಕೊಂಡ್ರ ಯಾರು ಜವಾಬ್ದಾರಿ?"

"ದಾರ ನೀವ ಇಟ್ಕೋರಿ, ಸಿಸ್ಟರ್. ಲಿಂಗ ಇಟ್ಟ ಕರಡಗಿ ಅಷ್ಟ ಕೊಡ್ರಿ. ನಾ ಬಾಜೂಕ ನಿಂತಿರ್ತೀನಿ."

ದಾರದಿಂದ ಜೀವಕ್ಕೆ ಅಪಾಯವೆಂದು ದಾರ ಕಿತ್ತುಕೊಂಡು, ಆಮೇಲೆ ಕೈಕಾಲಿಗೆ ನಾಲ್ಕು ಬೆಲ್ಟು ಬಿಗಿಯುವವರ ಬುದ್ಧಿಗೆ ಏನೆನ್ನಬೇಕು? ಸಿಸ್ಟರ್ ಗೊಣಗುತ್ತಲೇ ಕಪಾಟು ತೆಗೆದರು.

ಮಧ್ಯಾಹ್ನ ತಾಟನ್ನು ಸ್ಟೂಲಿನ ಮೇಲಿಟ್ಟು, ಮುನಾಫ ಬೆಳಿಗ್ಗೆಯಿಂದ ಬಿಗಿದಿದ್ದ ಬೆಲ್ಟು ಬಿಚ್ಚಿದ. ಮುದುಕರ ಕೈ ತೊಳೆಸಿದ. ಇನ್ನೊಬ್ಬರ ಲಿಂಗವನ್ನು ತಾನು ಮುಟ್ಟಬಾರದೆಂದು ಕರಡಿಗೆಯ ಮುಚ್ಚಳ ತೆಗೆದು ಮುಂದೆ ಹಿಡಿದ.

"ಅಜ್ಜಾರ, ನಿಮ್ಮ ಲಿಂಗ ತಂದೀನ್ರಿ. ಮದಲ ಪೂಜಿ ಮಾಡ್ರಿ. ಊಟ ಆಮ್ಯಾಲ."

ಗುರುಪುತ್ರಪ್ಪನವರು ಬಹಳ ಹೊತ್ತು ನೋಡಿದರು. ಎಡಗೈ ಮೆಲ್ಲಗೆ ಎದ್ದಿತು. ಮುನಾಫ ಕರಡಿಗೆ ವಾಲಿಸಿದ. ಲಿಂಗ ಅಂಗೈಯಲ್ಲಿ ಕೂತಿತು. ಬಾಗಿಲಲ್ಲಿ ನಿಂತಿದ್ದ ಮನಿಷಾಳ ಕಣ್ಣು ತುಂಬಿ ಬಂತು.

ಆಗ ಮುದುಕರ ಕಣ್ಣು ತಾಟಿನ ಮೇಲೆ ಬಿತ್ತು, ಯಾವಾಗಲೂ ಬೆಲ್ಟಿನ ಜೊತೆಗೇ ಬರುತ್ತಿದ್ದ ತಾಟು. ಅವರು ತಲೆ ತಗ್ಗಿಸಿ ಬಲಗೈಯನ್ನೂ ತಂದು ಎಡಗೈಗೆ ಜೋಡಿಸಿದರು, ಮಣಿಕಟ್ಟಿಗೆ ಮಣಿಕಟ್ಟು. ಲಿಂಗ ಜಾರಿ ಹಾಸಿಗೆಗೆ ಬಿತ್ತು. ಅವರು ಅತ್ತ ನೋಡಲೂ ಇಲ್ಲ.

"ಕಟ್ರಿ," ಎಂದರು. "ಲಗೂ ಕಟ್ರಿ."

ಮುನಾಫ ಬೇಡಿಕೊಂಡ, ಅತ್ತ, ತಾನೇ ತುತ್ತು ಕಲಸಿ ಬಾಯಿಯ ಹತ್ತಿರ ಹಿಡಿದ. ಜೋಡಿಸಿದ ಕೈ ಬಿಡಲಿಲ್ಲ, ಬಾಯಿ ತೆರೆಯಲಿಲ್ಲ.

ಸಂಜೆ ಪೈಪು ಹಾಕಿದರು. ಬೆಲ್ಟು ಬಿಗಿದದ್ದು ಮುನಾಫನೇ; ಮುದುಕರು ತಾವೇ ಕೈ ಕೊಟ್ಟರು. ರಿಜಿಸ್ಟರಿನಲ್ಲಿ ಕಾಂತಾ ಸಿಸ್ಟರ್ ಅಂದು 'ಹಿಂಸೆ' ಎಂದು ಬರೆಯಲಿಲ್ಲ. 'ರೋಗಿ ಚೆನ್ನಾಗಿ ಸಹಕರಿಸಿದರು' ಎಂದು ಬರೆದು, ಸಹಿ ಮಾಡಲು ಅವನ ಮುಂದಿಟ್ಟರು.