ಹಸಿರು ಚೌಕಗಳು

ಪರದೆಯ ಮೇಲಿನ ಚೌಕಗಳು ಒಂದೊಂದಾಗಿ ಹಸಿರಾಗುತ್ತ ಬಂದು, ಕೊನೆಯದೂ ಹಸಿರಾದಾಗ ಮಕ್ಕಳು ಬೆಂಚು ಬಡಿದು ಕೇಕೆ ಹಾಕಿದರು. ಹೊಸ ಮಿಸ್ ಮೊಬೈಲನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು ನಿಂತೇ ಇದ್ದಳು. ಈಗ ನಗಬೇಕು ಅನ್ನುವುದು ಗೊತ್ತಿತ್ತು, ನಕ್ಕಳು ಕೂಡ. ಆದರೆ ಒಳಗೆ ಏನೋ ಹೊಂದಿಕೆಯಾಗುತ್ತಿರಲಿಲ್ಲ. ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ನಿನ್ನೆ ಕೇಳಿದಾಗ ಇದೇ ಮಕ್ಕಳು "ನಾಲ್ಕು" ಎಂದು ಒಂದೇ ದನಿಯಲ್ಲಿ ಕೂಗಿದ್ದರು. ಮೂರಕ್ಕಿಂತ ನಾಲ್ಕು ದೊಡ್ಡದು, ಇಷ್ಟೂ ಗೊತ್ತಿಲ್ಲವಾ ಮಿಸ್ ಅನ್ನುವ ಹಾಗೆ ಅವಳನ್ನೇ ನೋಡಿದ್ದರು. ಬೆಳಗಾಗುವಷ್ಟರಲ್ಲಿ ಅದು ಅಷ್ಟೂ ತಲೆಗಳಿಗೆ ಹೊಕ್ಕಿದ್ದು ಹೇಗೆ?

ಹಿಂದಿನ ಬೆಂಚಿನಲ್ಲಿ ತರಬೇತಿ ಕಾಲೇಜಿನ ಮೇಡಂ ಕೂತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಮಕ್ಕಳ ಬೆಂಚಿನೊಳಗೆ ಮೊಣಕಾಲು ತೂರಿಸಲಾಗದೆ ಪಕ್ಕಕ್ಕೆ ಚಾಚಿಕೊಂಡು ಏನೋ ಬರೆದುಕೊಳ್ಳುತ್ತಿದ್ದರು. ಇದು ಅವಳ ಕೊನೆಯ ಪರೀಕ್ಷಾ ಪಾಠ. ದಾಟಿದರೆ ಟೀಚರ್, ಇಲ್ಲವಾದರೆ ಮತ್ತೊಂದು ವರ್ಷ. ಮತ್ತೊಂದು ವರ್ಷ ಅನ್ನುವ ಮಾತನ್ನು ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. "ಇದೊಂದು ವರ್ಷ ಹೇಗೋ ಸುಧಾರಿಸ್ಕೊಳ್ಳೋಣ ಬಿಡು" ಎಂದಿದ್ದ ಗಂಡ. ಒಂದು ಅನ್ನುವಾಗ ಅವನ ದನಿ ಸ್ವಲ್ಪ ಗಟ್ಟಿಯಾಗಿದ್ದು ಅವಳಿಗೆ ಮರೆತಿರಲಿಲ್ಲ.

ಗಂಟೆ ಹೊಡೆದು ಮಕ್ಕಳು ಊಟದ ಡಬ್ಬಿ ಹುಡುಕತೊಡಗಿದ ಮೇಲೆ ಮೇಡಂ ಎದ್ದು ಬಂದರು.

"ತುಂಬಾ ಚೆನ್ನಾಗಿ ಬಂತು ರೀ. ಮೊದಲನೇ ಪ್ರಶ್ನೆಗೆ ಅರ್ಧಕ್ಕರ್ಧ ಕೆಂಪು, ಬರ್ತಾ ಬರ್ತಾ ಎಲ್ಲಾ ಹಸಿರು. ಕಲಿಕೆ ಏರ್ತಾ ಹೋಗತ್ತೆ ಅಂತ ನಾನು ಕ್ಲಾಸಲ್ಲಿ ಬೋರ್ಡ್ ಮೇಲೆ ಗೆರೆ ಎಳೆದು ತೋರಿಸ್ತಿದ್ನಲ್ಲ, ಇವತ್ತು ಕಣ್ಣಾರೆ ನೋಡಿದ ಹಾಗಾಯ್ತು."

"ಹೌದಾ ಮೇಡಂ?"

"ಮತ್ತೆ? ಅದರಲ್ಲೂ ಗೋಡೆ ಪಕ್ಕ ಕೂತಿದ್ದಾಳಲ್ಲ, ಆ ಹುಡುಗಿ. ಮೊದಲಿಂದ ಕೊನೇವರೆಗೂ ಒಂದೂ ತಪ್ಪಿಲ್ಲ. ಅವಳು ಬಾಯಿ ಬಿಟ್ಟಿದ್ದೇ ನೋಡಿಲ್ಲ ಅಂತಾರೆ ಈ ಕ್ಲಾಸಿನ ದೊಡ್ಡ ಮಿಸ್. ಮಾತಾಡದ ಮಗೂಗೂ ಒಂದು ಬಾಯಿ ಕೊಡೋದು ಅಂದ್ರೆ ಇದೇ. ಈ ಪಾಠಾನ ಮುಂದಿನ ವಾರ ಕಾಲೇಜಲ್ಲಿ ಎಲ್ಲರ ಮುಂದೆ ಮಾಡಿ. ನಾನು ಹೆಡ್ ಮಿಸ್ ಹತ್ರ ಮಾತಾಡಿ ಬರ್ತೀನಿ."

ಅವಳು ತಲೆಯಾಡಿಸಿದಳು. ಕಾಲೇಜಿನಲ್ಲಿ ಅವಳ ಜೊತೆ ಓದುವವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಅವಳನ್ನು ಅಕ್ಕ ಎನ್ನುತ್ತಿದ್ದರು, ಪ್ರೊಜೆಕ್ಟರಿನ ವೈರ್ ಸಿಕ್ಕಿಸುವಾಗ "ಅಕ್ಕಾ, ನೀವು ಬಿಡಿ, ನಾವು ಮಾಡ್ತೀವಿ" ಎನ್ನುತ್ತಿದ್ದರು. ಅವರ ಮುಂದೆ ನಿಂತು ಇದನ್ನು ತೋರಿಸುವುದನ್ನು ನೆನೆದೇ ಒಂದು ಕ್ಷಣ ಅವಳ ಬೆನ್ನು ನೆಟ್ಟಗಾಯಿತು.

ಕಾರ್ಡುಗಳ ಉಪಾಯ ಮಗಳದು. ಹೈಸ್ಕೂಲು ಓದುತ್ತಿದ್ದ ಅವಳು ಆ್ಯಪ್ ಹಾಕಿಕೊಟ್ಟು, ಕಾರ್ಡು ಪ್ರಿಂಟು ಹಾಕಿಸಿ ತಂದಿದ್ದಳು. ಒಂದೊಂದು ಮಗುವಿಗೂ ಒಂದೊಂದು ಕಾರ್ಡು. ನಡುವೆ ಕಪ್ಪು ಚೌಕಗಳ ಒಂದು ಚಿತ್ತಾರ, ಒಂದರ ಹಾಗೆ ಇನ್ನೊಂದಿಲ್ಲ. ನಾಲ್ಕು ಅಂಚಿಗೆ ಅ, ಆ, ಇ, ಈ. ಯಾವ ಉತ್ತರ ಸರಿ ಅನ್ನಿಸುತ್ತದೋ ಆ ಅಕ್ಷರ ಮೇಲೆ ಬರುವ ಹಾಗೆ ಮಗು ಕಾರ್ಡು ಎತ್ತಿ ಹಿಡಿದರೆ ಸಾಕು. ಮಿಸ್ ಮೊಬೈಲನ್ನು ತರಗತಿಯ ಈ ತುದಿಯಿಂದ ಆ ತುದಿಗೆ ಆಡಿಸಿದರೆ ಅದು ಎಲ್ಲರ ಉತ್ತರವನ್ನೂ ಓದಿ, ಪರದೆಯ ಮೇಲೆ ಒಬ್ಬೊಬ್ಬರ ಹೆಸರಿನ ಚೌಕಕ್ಕೂ ಬಣ್ಣ ಬಳಿಯುತ್ತಿತ್ತು. ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಪ್ರಶ್ನೆಗಳನ್ನು ಮಾತ್ರ ಮಿಸ್ ತಾನೇ ಟೈಪು ಮಾಡಿದ್ದಳು. ಮಗಳು ಮಾಡಿಕೊಡುತ್ತೇನೆಂದರೂ ಬಿಟ್ಟಿರಲಿಲ್ಲ. ಅಷ್ಟಾದರೂ ತನ್ನದು ಇರಲಿ ಎಂದು.

ಕಾರ್ಡು ವಾಪಸು ತೆಗೆದುಕೊಳ್ಳುತ್ತ ಅವಳು ಗೋಡೆಯ ಪಕ್ಕಕ್ಕೆ ಬಂದಳು. ಆ ಹುಡುಗಿಯನ್ನು ಮಕ್ಕಳು ಗೋಡೆ ಎಂದೇ ಕರೆಯುತ್ತಿದ್ದರು. ದೊಡ್ಡ ಮಿಸ್ ಗದರಿಸಿದ ದಿನ ಒಂದಷ್ಟು ಹೊತ್ತು ನಿಲ್ಲಿಸಿ ಆಮೇಲೆ ಮತ್ತೆ ಗೋಡೆ ಅನ್ನುತ್ತಿದ್ದರು. ಇವತ್ತು ಅವಳ ಬೆಂಚಿನ ಸುತ್ತ ಗುಂಪು ಸೇರಿತ್ತು. ತರಗತಿಯ ಲೀಡರು, ಎಲ್ಲರ ಮೇಲೂ ದರ್ಪ ಮಾಡುವ ಹುಡುಗಿ, ಲೀಡರಮ್ಮ ಎಂದೇ ಹೆಸರಾದವಳು, ತನ್ನ ಡಬ್ಬಿ ಹಿಡಿದು ನಿಂತಿದ್ದಳು.

"ಏ ಗೋಡೆ, ನೀನೇ ಫಸ್ಟು ಕಣೇ. ಬಾ, ನಮ್ಮ ಜೊತೆ ಊಟ ಮಾಡು. ಇವಳೇ, ನೀನು ಸ್ವಲ್ಪ ಸರಿ ಆ ಕಡೆ."

ಗೋಡೆ ಹುಡುಗಿಯ ಮುಖದಲ್ಲಿ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟವಾಗಿತ್ತು. ಆದರೆ ಕಿವಿಗಳು ಕೆಂಪಾಗಿದ್ದವು. ಕಾರ್ಡನ್ನು ಎರಡು ಕೈಯಲ್ಲೂ ಹಿಡಿದಿದ್ದಳು, ಬಿಡಲಿಲ್ಲ.

"ಕೊಡು ಪುಟ್ಟಿ, ನಾಳೆ ಮತ್ತೆ ಕೊಡ್ತೀನಿ."

ಹುಡುಗಿ ಗುಂಪು ಚದುರುವವರೆಗೂ ಕಾದಳು. ಆಮೇಲೆ, ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ, "ಇದು ಮನೆ" ಎಂದಳು.

"ಯಾವುದು?"

ಕಪ್ಪು ಚೌಕಗಳ ಮೇಲೆ ಬೆರಳಿಟ್ಟಳು. "ಇದು ಮಾಳಿಗೆ. ಇದು ಬಾಗಿಲು. ಇಲ್ಲಿ ಒಬ್ಬರು ನಿಂತಿದಾರೆ."

ಮಿಸ್ ಬಗ್ಗಿ ನೋಡಿದಳು. ಅವಳಿಗೆ ಬರೀ ಚೌಕಗಳು ಕಂಡವು. "ಹೂಂ, ಚೆನ್ನಾಗಿದೆ. ಮತ್ತೆ ಉತ್ತರ ಹೇಳೋವಾಗ ತಿರುಗಿಸಿದ್ಯಲ್ಲ, ಆಗ?"

ಹುಡುಗಿ ತಲೆ ಅಲ್ಲಾಡಿಸಿದಳು. "ತಿರುಗಿಸಿದ್ರೆ ಮನೆ ಬಿದ್ದೋಗತ್ತೆ."

"ಒಂದು ಸಲಾನೂ ತಿರುಗಿಸ್ಲಿಲ್ವಾ?"

"ಇಲ್ಲ."

ಮಿಸ್ ಕಾರ್ಡಿನ ಮೇಲಂಚು ನೋಡಿದಳು. ಮನೆ ನೆಟ್ಟಗಿದ್ದಾಗ ಮೇಲೆ ಬರುತ್ತಿದ್ದ ಅಕ್ಷರ ಅ.

ವರಾಂಡಕ್ಕೆ ಬಂದು ಮೊಬೈಲಿನಲ್ಲಿ ಪ್ರಶ್ನೆಗಳನ್ನು ತೆರೆದಳು. ಮೊದಲನೆಯದಕ್ಕೆ ಸರಿಯುತ್ತರ ಅ. ಎರಡನೆಯದಕ್ಕೂ ಅ. ಕೆಳಗೆ ಸರಿಸುತ್ತ ಹೋದಳು. ಎಲ್ಲದಕ್ಕೂ ಅ. ಟೈಪು ಮಾಡುವಾಗ ಸರಿಯಾದದ್ದು ಮೊದಲು ಬಂದುಬಿಡಲಿ, ಮರೆಯಬಾರದು ಎಂದು ಅದನ್ನೇ ಮೇಲೆ ಹಾಕುತ್ತ ಹೋಗಿದ್ದಳು. ಅಡುಗೆಗೆ ನಿಂತಾಗ ಉಪ್ಪಿನ ಡಬ್ಬಿಯನ್ನು ಮೊದಲು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳುವ ಹಾಗೆ. ಉಳಿದದ್ದನ್ನು ಮೆಷೀನು ನೋಡಿಕೊಳ್ಳುತ್ತದೆ ಅಂದುಕೊಂಡಿದ್ದಳು.

ಮಗಳಿಗೆ ಫೋನು ಮಾಡಿದಳು. ಅವಳಿಗೆ ಅವತ್ತು ರಜೆ.

"ಉತ್ತರಗಳನ್ನ ಅದೇ ಅದಲು ಬದಲು ಮಾಡ್ಕೊಳ್ಳಲ್ವೇನೇ?"

"ಮಾಡತ್ತೆ. ಆದ್ರೆ ನೀನು ಮಾಡು ಅಂತ ಅದಕ್ಕೆ ಹೇಳ್ಬೇಕಮ್ಮ. ಕೆಳಗಡೆ ಇರತ್ತೆ ನೋಡು, ಒತ್ತಲಿಲ್ವಾ? ಅಯ್ಯೋ, ಎಲ್ಲಾ ಒಂದೇ ಬಂತಾ? ಮಕ್ಕಳು ಕಂಡುಹಿಡಿದುಬಿಟ್ರಾ?"

ಕಂಡುಹಿಡಿದಿದ್ದರು. ಈಗ ನೆನಪಾಯಿತು. ಮೂರನೆಯ ಪ್ರಶ್ನೆ ಓದಿ ಮುಗಿಸುವ ಮೊದಲೇ ಲೀಡರಮ್ಮ ಹಿಂದಕ್ಕೆ ತಿರುಗಿ ಪಿಸುಗುಟ್ಟಿದ್ದಳು, ಅದು ಬೆಂಚಿನಿಂದ ಬೆಂಚಿಗೆ ಹೋಗಿತ್ತು. ಉತ್ಸಾಹ ಅಂದುಕೊಂಡಿದ್ದಳು ಇವಳು.

ಸ್ಟಾಫ್ ರೂಮಿನಲ್ಲಿ ದೊಡ್ಡ ಮಿಸ್ ಒಬ್ಬರೇ ಕಾಲು ಚಾಚಿ ಚಹಾ ಕುಡಿಯುತ್ತಿದ್ದರು. ಇನ್ನೇನು ನಿವೃತ್ತಿಯಾಗುವವರು. ಅವಳು ಎಲ್ಲವನ್ನೂ ಹೇಳಿದಳು. ಅವರು ಲೋಟ ಕೆಳಗಿಟ್ಟು ಬಹಳ ಹೊತ್ತು ನಕ್ಕರು.

"ಮನೆ ಬಿದ್ದೋಗತ್ತೆ ಅಂದ್ಲಾ? ನನ್ನ ಹತ್ರ ಈ ವರ್ಷವಿಡೀ ಒಂದು ಮಾತಾಡಿಲ್ಲ ಕಣಮ್ಮ ಆ ಹುಡುಗಿ."

"ನಾನೀಗ ಏನ್ಮಾಡ್ಲಿ ಮಿಸ್? ಮೇಡಂಗೆ ಹೇಳ್ಬಿಡ್ಲಾ?"

"ಹೇಳು."

"ಹೇಳಿದ್ರೆ ಪಾಠ ಹೋಯ್ತು. ಆ ಹುಡುಗೀನ ಇವತ್ತೇ ಮೊದಲು ಜೊತೇಲಿ ಊಟಕ್ಕೆ ಕೂರಿಸ್ಕೊಂಡಿದಾರೆ, ಅದೂ ಹೋಯ್ತು."

"ಹಾಗಾದ್ರೆ ಹೇಳ್ಬೇಡ."

"ಹೇಳದಿದ್ರೆ ಮಕ್ಕಳಿಗೆ ನಾಲ್ಕೇ ದೊಡ್ಡದು ಅಂತ ಉಳ್ಕೊಂಡು ಬಿಡತ್ತಲ್ಲ ಮಿಸ್."

ದೊಡ್ಡ ಮಿಸ್ ನಗು ನಿಲ್ಲಿಸಿದರು. "ನನ್ನ ಕೇಳಬೇಡಮ್ಮ. ನಾನು ಪಾಠ ಮಾಡಿ 'ಗೊತ್ತಾಯ್ತಾ' ಅಂತೀನಿ, ಎಲ್ಲಾ ಸೇರಿ 'ಹೂಂ ಮಿಸ್' ಅಂತಾವೆ. ಆ ಹೂಂ ಒಳಗೆ ಯಾರದ್ದಿದೆ, ಯಾರದ್ದಿಲ್ಲ, ನಂಗೆ ಇವತ್ತಿಗೂ ತಿಳಿದಿಲ್ಲ. ಕೊನೇ ಪಿರಿಯಡ್ ನಂದು. ಬೇಕಾದ್ರೆ ತಗೋ."

ಅವಳು ಕಿಟಕಿಯ ಬಳಿ ನಿಂತಳು. ಹೊರಗೆ ಮಕ್ಕಳು ನಲ್ಲಿಯ ಕೆಳಗೆ ಡಬ್ಬಿ ತೊಳೆಯುತ್ತ ಒಬ್ಬರ ಮೇಲೊಬ್ಬರು ನೀರು ಚಿಮುಕಿಸುತ್ತಿದ್ದರು. ಅವರ ನಡುವೆ ಗೋಡೆ ಹುಡುಗಿಯೂ ಇದ್ದಳು, ಒದ್ದೆಯಾಗಿ. ಮನೆಯಲ್ಲಿ ಊಟ ಹೇಗಿದೆ ಎಂದು ಕೇಳಿದರೆ ಗಂಡ ತಟ್ಟೆಯಿಂದ ಕಣ್ಣೆತ್ತದೆ ಚೆನ್ನಾಗಿದೆ ಅನ್ನುತ್ತಿದ್ದ. ಒಮ್ಮೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವತ್ತೂ ಚೆನ್ನಾಗಿತ್ತು. ಅವನು ಕೆಟ್ಟವನೇನೂ ಅಲ್ಲ. ಓದಬೇಕು ಎಂದಾಗ, ಓದು ಎಂದಿದ್ದ. ಹಾಗಾದರೆ ಅವತ್ತು ಅಡುಗೆಮನೆಯಲ್ಲಿ ನಿಂತು ತನಗೆ ಯಾಕೆ ಅಷ್ಟು ಅಳು ಬಂತು, ಈಗ ಇದು ಯಾಕೆ ನೆನಪಾಗುತ್ತಿದೆ, ಅವಳಿಗೆ ಗೊತ್ತಾಗಲಿಲ್ಲ.

ಮೇಡಂ ಹೆಡ್ ಮಿಸ್ ಕೋಣೆಯಿಂದ ಹೊರಬಂದು ಸ್ಕೂಟರಿನ ಕಡೆ ನಡೆಯುತ್ತಿದ್ದರು. ಅವಳು ಹಿಂದೆಯೇ ಓಡಿದಳು. ಏನು ಹೇಳುವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಬಾಯಿ ತಾನೇ ಹೇಳಿತು.

"ಮೇಡಂ, ಆ ಹಸಿರು ನಿಜ ಅಲ್ಲ."

ಮೇಡಂ ಕೇಳಿಸಿಕೊಂಡರು. ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ನಾನು ಎಲ್ಲಾ ಬರೆದಾಯ್ತಲ್ಲ ರೀ" ಎಂದರು, ಬೈಗುಳವೋ ಬೇಸರವೋ ತಿಳಿಯದ ದನಿಯಲ್ಲಿ. "ಮುಂದಿನ ವಾರ ಸರಿ ಮಾಡ್ಕೊಂಡು ಮಾಡಿದ್ರೆ ಆಗ್ತಿತ್ತು. ಯಾರಿಗೆ ಗೊತ್ತಾಗ್ತಿತ್ತು?"

"ನಂಗೂ ಹಾಗೇ ಅನ್ನಿಸ್ತು ಮೇಡಂ."

"ಮತ್ತೆ ಈಗ ಹೇಳಿದ್ಯಾಕೆ?"

"ಕೊನೇ ಪಿರಿಯಡ್ ಸಿಕ್ಕಿದೆ. ಇನ್ನೊಂದು ಸಲ ಮಾಡ್ತೀನಿ. ಕೂತ್ಕೊಳ್ತೀರಾ?"

"ಕೆಂಪು ಬಂದ್ರೆ ನಾನು ಕೆಂಪೇ ಬರೀಬೇಕಾಗತ್ತೆ. ಗೊತ್ತಲ್ಲ?"

"ಗೊತ್ತು."

ಮೇಡಂ ಗಡಿಯಾರ ನೋಡಿಕೊಂಡರು. ಆಮೇಲೆ ಹೆಲ್ಮೆಟ್ಟನ್ನು ಸ್ಕೂಟರಿನ ಕನ್ನಡಿಗೆ ನೇತುಹಾಕಿ ಒಳಕ್ಕೆ ನಡೆದರು.

ಬೆಳಗಿನ ಪಾಠದಲ್ಲಿ ಅವಳು ವಿಡಿಯೋ ತೋರಿಸಿದ್ದಳು. ಆನೆಯೊಂದು ಕುಣಿಯುತ್ತ ಕಲ್ಲಂಗಡಿ ಕತ್ತರಿಸುವ ವಿಡಿಯೋ. ಮಕ್ಕಳಿಗೆ ಆನೆ ನೆನಪಿತ್ತು, ಹೋಳು ನೆನಪಿರಲಿಲ್ಲ. ಈಗ, ಕೊನೆಯ ಪಿರಿಯಡ್ಡಿನಲ್ಲಿ, ಎಲ್ಲರ ಕೈಗೂ ಒಂದೇ ಅಳತೆಯ ಕಾಗದದ ಪಟ್ಟಿಗಳನ್ನು ಕೊಟ್ಟಳು. ಒಂದನ್ನು ಮೂರಾಗಿ ಮಡಿಸಿ, ಇನ್ನೊಂದನ್ನು ನಾಲ್ಕಾಗಿ. ತರಗತಿ ಗದ್ದಲವಾಯಿತು.

"ಮಿಸ್, ನಂದು ಸಮ ಬರ್ತಾನೇ ಇಲ್ಲ."

"ಮಿಸ್, ಇವಳು ನನ್ನ ಕಾಗದ ಹರಿದಳು."

"ಮಿಸ್, ನಾಲ್ಕು ದೊಡ್ಡದು ತಾನೇ? ಮತ್ತೆ ಹೋಳು ಯಾಕೆ ಚಿಕ್ಕದಾಯ್ತು?"

ಕೊನೆಯದನ್ನು ಕೇಳಿದವಳು ಲೀಡರಮ್ಮ. ಮಡಿಸಿದ ಎರಡು ತುಂಡನ್ನೂ ಒಂದರ ಮೇಲೊಂದಿಟ್ಟು ಯಾರೋ ತನಗೆ ಮೋಸ ಮಾಡಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದಳು. ಯಾಕೆ ಎಂದು ಹೇಳಲು ಮಿಸ್ ಬಾಯಿ ತೆರೆದಳು, ಹೇಳಲಿಲ್ಲ. "ನೀನೇ ನೋಡು" ಎಂದಳು. ಇದು ಸರಿಯಾದ ಕ್ರಮವೋ ಅಲ್ಲವೋ, ಹಿಂದಿನ ಬೆಂಚಿನತ್ತ ನೋಡುವ ಧೈರ್ಯವಾಗಲಿಲ್ಲ.

ಮತ್ತೆ ಕಾರ್ಡು ಹಂಚಿದಳು. "ಬೆಳಿಗ್ಗೆ ನಾನು ಪ್ರಶ್ನೆ ಹಾಕಿದ್ದು ಸರಿ ಇರಲಿಲ್ಲ. ತಪ್ಪು ನಂದು. ಈಗ ಬೇರೆ ಪ್ರಶ್ನೆ."

"ಈಗಲೂ ಮೊದಲನೇದೇನಾ ಮಿಸ್?" ಹಿಂದಿನಿಂದ ಒಂದು ದನಿ.

"ಅಲ್ಲ. ಎಲ್ಲಿದೆ ಅಂತ ನಂಗೂ ಗೊತ್ತಿಲ್ಲ. ಮೆಷೀನೇ ಕಲಸಿಬಿಟ್ಟಿದೆ."

ಪರದೆಯ ಮೇಲೆ ಪ್ರಶ್ನೆ ಬಂತು. ಎಂಟನೇ ಒಂದು ಭಾಗ, ಆರನೇ ಒಂದು ಭಾಗ, ಯಾವುದು ದೊಡ್ಡದು? ಕೆಳಗೆ ನಾಲ್ಕು ಉತ್ತರ. ಅದರಲ್ಲೊಂದನ್ನು ಊಟದ ಹೊತ್ತಿನಲ್ಲಿ ಹೊಸದಾಗಿ ಸೇರಿಸಿದ್ದಳು: ಗೊತ್ತಿಲ್ಲ.

ಲೀಡರಮ್ಮ ಕೈ ಎತ್ತಿದಳು. "ಮಿಸ್, ಗೊತ್ತಿಲ್ಲ ಅಂತ ಹಿಡಿದ್ರೆ ಹಸಿರಾ, ಕೆಂಪಾ?"

ಮಿಸ್ ಪೇಚಿಗೆ ಸಿಕ್ಕಳು. ಅದಕ್ಕೆ ಯಾವ ಬಣ್ಣ ಬರುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ದೆ ಇದ್ರೆ ಹಿಡಿ, ಅಷ್ಟೇ. ಬಣ್ಣ ಆಮೇಲೆ ನೋಡೋಣ."

ಕಾರ್ಡುಗಳು ಒಂದೊಂದಾಗಿ ಮೇಲೇರಿದವು. ಕೆಲವರು ಎತ್ತಿ, ಕೆಳಗಿಳಿಸಿ, ಕಾಗದದ ಪಟ್ಟಿಯನ್ನು ಮತ್ತೆ ಮಡಿಸಿ ನೋಡಿ, ತಿರುಗಿಸಿ ಎತ್ತಿದರು. ಇನ್ನು ಕೆಲವರು ಪಕ್ಕದವರ ಕಾರ್ಡು ನೋಡಿ, ಅದು ತಮ್ಮದರ ಹಾಗಿಲ್ಲದ್ದನ್ನು ಕಂಡು ಗಲಿಬಿಲಿಗೊಂಡರು. ಹಿಂದಿನ ಬೆಂಚಿನಲ್ಲಿ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಹೊಸ ಮಿಸ್ ಮೊಬೈಲ್ ಎತ್ತಿ ಹಿಡಿದಳು. ಒತ್ತಬೇಕಾದ ಜಾಗದ ಮೇಲೆ ಹೆಬ್ಬೆರಳು ಇತ್ತು, ಒತ್ತಿರಲಿಲ್ಲ. ಮೊಬೈಲಿನ ಚೌಕಟ್ಟಿನೊಳಗೆ, ಗೋಡೆಯ ಪಕ್ಕದ ಬೆಂಚಿನಲ್ಲಿ, ಇನ್ನೂ ಒಂದು ಕಾರ್ಡು ಮಾತ್ರ ಏರಿರಲಿಲ್ಲ.

ಹುಡುಗಿ ಪರದೆ ನೋಡಿದಳು. ಮಡಿಸಿದ ಕಾಗದ ನೋಡಿದಳು. ಕಾರ್ಡಿನ ಮೇಲಿನ ಮನೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡು ಕೈಯಲ್ಲೂ ಹಿಡಿದು, ಒಳಗಿದ್ದವರಿಗೆ ಪೆಟ್ಟಾಗಬಾರದು ಅನ್ನುವಷ್ಟು ನಿಧಾನವಾಗಿ, ಅದನ್ನು ತಿರುಗಿಸತೊಡಗಿದಳು. ಕಾರ್ಡು ವಾಲಿದ ಕಡೆಗೇ ಅವಳ ಕುತ್ತಿಗೆಯೂ ವಾಲುತ್ತ ಹೋಗಿ, ಕೊನೆಗೆ ಕಿವಿ ಭುಜಕ್ಕೆ ತಾಗಿತು.