ಕ್ಯಾನಿನ ಮೇಲಿನ ಸೊಟ್ಟ ಅಕ್ಷರ

ಬೋರ್ಡು ಬರೆಯುವವರ ಮನೆಯಲ್ಲಿ ಖಾಲಿ ಬಾಟಲಿ ಎಸೆಯುವ ರೂಢಿಯಿಲ್ಲ. ವಿದ್ಯಾರಣ್ಯಪುರಂನ ಚಾಮಯ್ಯನ ಮನೆಯ ಗೂಡಿನಲ್ಲೂ ಬ್ರಾಂಡಿಯ ಕ್ವಾರ್ಟರ್ ಬಾಟಲಿಗಳ ಸಾಲೇ ಇತ್ತು. ಒಂದರಲ್ಲಿ ಟರ್ಪೆಂಟೈನ್, ಒಂದರಲ್ಲಿ ಸೀಮೆಎಣ್ಣೆ, ಒಂದರಲ್ಲಿ ಸಂಜೆಗೆ ಉಳಿಸಿಕೊಂಡ ಬ್ರಾಂಡಿ.

"ಮೂಸಿದ್ರೆ ಗೊತ್ತಾಯ್ತದೆ ಬುಡು" ಎನ್ನುತ್ತಿದ್ದ ಚಾಮಯ್ಯ.

ಅದು 2008ನೇ ಇಸವಿ. ಬಡಾವಣೆಯ ಮಹಿಳಾ ಸಂಘದವರು ಊರಾಚೆಯ ಶೆಡ್ಡೊಂದರಲ್ಲಿ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಲು ಶುರುಮಾಡಿದ್ದರು. ಬೀಜ ಸುತ್ತಲ ಹಳ್ಳಿಗಳಿಂದ ಬರುತ್ತಿತ್ತು, ಹಿಂಡಿ ಗೊಬ್ಬರವಾಗಿ ಅದೇ ಹಳ್ಳಿಗಳಿಗೆ ಹೋಗುತ್ತಿತ್ತು. ಚಾಮಯ್ಯನ ಮಗ ಲಿಂಗರಾಜುವಿಗೂ ಅಲ್ಲೇ ಕೆಲಸ.

ಒಂದು ದಿನ ಸಂಘದ ಸೌಮ್ಯಶ್ರೀ ಬಾಗಿಲಿಗೆ ಬಂದಳು.

"ಚಾಮಣ್ಣ, ನಮ್ಮ ಕ್ಯಾನುಗಳ ಮೇಲೆ 'ವಿಷ' ಅಂತ ದೊಡ್ಡದಾಗಿ ಬರೆದುಕೊಡಿ ಅಂತ ಎಷ್ಟು ಸಲ ಹೇಳಿ ಕಳಿಸೋದು?"

"ಏನದೆ ಕಣವ್ವ ಅದರಲ್ಲಿ?"

"ಮೆಥನಾಲ್. ಹೊಂಗೆ ಎಣ್ಣೆಗೆ ಅದು ಬೆರೆತ್ರೇನೆ ಡೀಸೆಲ್ ಆಗೋದು. ನೋಡಕ್ಕೆ ನೀರು, ವಾಸನೆ ಸಾರಾಯಿದು. ಎರಡು ಗುಟುಕು ಒಳಗೆ ಹೋದ್ರೂ ಕಣ್ಣು ಹೋಗ್ಬಹುದು, ಜೀವಾನೂ ಹೋಗ್ಬಹುದು."

"ದೀಪದ ಎಣ್ಣೇಲಿ ಲಾರಿ ಓಡಿಸ್ತೀವಿ ಅಂತೀರಿ. ಅದುನ್ನೂ ನಂಬಬೇಕು, ಇದುನ್ನೂ ನಂಬಬೇಕು! ಕ್ಯಾನಿಗೆ ಬಾಯಾಕಕ್ಕೆ ನಿಮ್ಮೋರೇನು ಎಮ್ಮೆಗಳಾ?"

"ಬರಕೊಡ್ರೀ ಅತ್ಲಾಗೆ. ಮಾತಿಗೇನು ಕಮ್ಮಿಯಿಲ್ಲ" ಎಂದಳು ಹೆಂಡತಿ ಇಂದ್ರಮ್ಮ ಒಳಗಿನಿಂದ.

"ಗೌರಿ ಹಬ್ಬ ಕಳೀಲಿ ಬುಡು."

ಆ ವಾರವೇ ಲಿಂಗರಾಜು ಮೊಪೆಡ್ಡಿನ ಕಾರ್ಬುರೇಟರ್ ತೊಳೆಯಲೆಂದು ಅಪ್ಪನ ಖಾಲಿ ಬಾಟಲಿಯೊಂದರಲ್ಲಿ ಸ್ವಲ್ಪ ಮೆಥನಾಲ್ ತಂದು ಗೂಡಿನಲ್ಲಿಟ್ಟ. ಸಂಜೆ ಕೆಲಸದಿಂದ ಬಂದ ಚಾಮಯ್ಯ ಅದನ್ನು ಮೂಸಿ ನೋಡಿದ. ಟರ್ಪೆಂಟೈನ್ ಅಲ್ಲ, ಸೀಮೆಎಣ್ಣೆ ಅಲ್ಲ, ಸಾರಾಯಿ ವಾಸನೆ.

"ಕಳ್ಳ ನನ್ಮಗ, ನಂಗೆ ಗೊತ್ತಾಗ್ದಂಗೆ ಶುರುಮಾಡ್ಕಂಡವ್ನೆ" ಎಂದು ನಕ್ಕು, ಸೋಡಾ ಬೆರೆಸಿ ಕುಡಿದ. ಉಂಡು ಮಲಗಿದ.

ಬೆಳಿಗ್ಗೆ ತಲೆನೋವಿತ್ತು. ಅದೇನು ಹೊಸದಲ್ಲ. ಮಧ್ಯಾಹ್ನ ಜಗುಲಿಯ ಮೇಲೆ ಕೂತವನು ಕಣ್ಣುಜ್ಜಿಕೊಂಡ.

"ಇಂದ್ರಿ, ಯಾಕಿವತ್ತು ಇಷ್ಟು ಮಂಜು?"

ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಇಂದ್ರಮ್ಮನ ಕೈಯಿಂದ ಮೊರ ಜಾರಿ ಅಕ್ಕಿ ಚೆಲ್ಲಿತು.

"ಮಂಜೆಲ್ಲಿ ಬಂತು? ನಾನು ಕಾಣಾಕಿಲ್ವಾ?"

"ದನಿ ಕೇಳ್ತದೆ ಕಣೆ. ಮೊಕ ಎಲ್ಲದೆ ಗೊತ್ತಾಯ್ತಿಲ್ಲ."

ಊಟಕ್ಕೆ ಬಂದಿದ್ದ ಲಿಂಗರಾಜು ಗೂಡಿನ ಕಡೆ ತಿರುಗಿದ. ಬಾಟಲಿಯ ತಳದಲ್ಲಿ ಒಂದಿಷ್ಟೇ ಉಳಿದಿತ್ತು. "ಅಪ್ಪ, ಇದುನ್ನ ಕುಡುದ್ಯಾ?" ಎಂದು ಕೇಳಿದವನೇ ಫೋನು ಕೈಗೆತ್ತಿಕೊಂಡ.

ಫೋನು ಮಾಡಿದ್ದೇ ತಡ, ಸೌಮ್ಯಶ್ರೀ ಶೆಡ್ಡಿನ ಗೂಡ್ಸ್ ಆಟೋದಲ್ಲಿ ಬಂದಳು. ಅಷ್ಟರಲ್ಲಿ ಅಕ್ಕಪಕ್ಕದವರು ಮಜ್ಜಿಗೆ ಹಿಡಿದು ನಿಂತಿದ್ದರು.

"ಏನೂ ಕುಡಿಸ್ಬೇಡಿ. ಆಟೋ ಹತ್ತಿಸಿ, ಆಸ್ಪತ್ರೆಗೆ ಹೋಗೋಣ. ಲಿಂಗು, ಬಾಟ್ಲಿ ತಗೋ."

"ಬಾಟ್ಲಿ ಬೇಡಕ್ಕ. ಬ್ರಾಂಡಿ ಅಂದ್ಬುಡಣ. ನನ್ನ ಕೆಲಸ ಹೋಯ್ತದೆ, ಪೊಲೀಸು ಅಂತಾರೆ..."

"ಬ್ರಾಂಡಿ ಅಂದ್ರೆ ನಶೆ ಇಳೀಲಿ ಅಂತ ಮಲಗಿಸಿಬಿಡ್ತಾರೆ ಕಣೋ. ಕುಡಿದದ್ದು ಏನು ಅಂತ ಗೊತ್ತಾದ್ರೆ ತಾನೇ ಔಷಧಿ? ನಿಂಗೆ ಕೆಲಸ ಬೇಕೋ, ಅಪ್ಪ ಬೇಕೋ?"

ಆಸ್ಪತ್ರೆಯಲ್ಲಿ ಲಿಂಗರಾಜು ಡಾಕ್ಟರ ಕೈಗೆ ಬಾಟಲಿ ಕೊಟ್ಟು ಎಲ್ಲ ಹೇಳಿದ. ಅವರು ತಡಮಾಡಲಿಲ್ಲ. ಯಂತ್ರಕ್ಕೆ ಹಾಕಿ ರಕ್ತ ಶುದ್ಧಿಮಾಡಿದರು. ಜೀವ ಉಳಿಯಿತು. ದೃಷ್ಟಿ ಅರ್ಧ ಮಾತ್ರ ಮರಳಿತು. ಯಾರನ್ನು ನೋಡಿದರೂ ಕಿವಿ, ಭುಜ ಕಾಣುತ್ತವೆ. ಮುಖ ಇರಬೇಕಾದಲ್ಲಿ ಬೂದಿ ಬಣ್ಣ.

"ಆ ಶೆಡ್ಡು ಮುಚ್ಚಿಸ್ಬೇಕು" ಎಂದು ಮನೆಗೆ ನೋಡಲು ಬಂದವರು ಗದ್ದಲ ಮಾಡಿದರು.

"ಸೀಮೆಎಣ್ಣೆ ಅದೆ ಅಂತ ಮನೆ ಮುಚ್ಚೀರಾ?" ಎಂದ ಚಾಮಯ್ಯ. "ಹೇಳಿದೋಳು ಅವಳು, ಕೇಳ್ದೆ ಹೋದೋನು ನಾನು. ಲಿಂಗ, ಬ್ರಷ್ ತತ್ತಾ."

ಶೆಡ್ಡಿನಲ್ಲಿ ಇಂದ್ರಮ್ಮ ಕ್ಯಾನಿನ ಮೇಲೆ ಅವನ ಕೈಯಿಟ್ಟು ಜಾಗ ತೋರಿಸಿದಳು. 'ವಿಷ' ಎಂಬ ಕೆಂಪು ಅಕ್ಷರಗಳಲ್ಲಿ ಒಂದು ಮೇಲೆ ಹತ್ತಿತು, ಒಂದು ಕೆಳಗಿಳಿಯಿತು.

"ಬೇರೆಯವರ ಕೈಲಿ ತಿದ್ದಿಸೋಣ್ವಾ?" ಎಂದ ಲಿಂಗರಾಜು, ತಲೆ ಎತ್ತದೆ.

"ಬೇಡ" ಎಂದಳು ಸೌಮ್ಯಶ್ರೀ. "ಹೀಗೇ ಇರ್ಲಿ. ನೋಡಿದೋರು ಯಾಕೆ ಸೊಟ್ಟ ಅಂತ ಕೇಳ್ತಾರೆ. ಕೇಳಲಿ."

ಅಕ್ಕಂದಿರೆ, ಅಣ್ಣಂದಿರೆ, ಹೊಂಗೆ ಬೀಜ ಆರಿಸಿ ಕೊಡಿ, ನಮ್ಮ ಇಂಧನ ನಮ್ಮೂರಲ್ಲೇ ಆಗಲಿ, ಮಕ್ಕಳಿಗೆ ಕೆಲಸ ಸಿಗಲಿ. ಆದರೆ ಮೆಥನಾಲ್ ಅದರದೇ ಕ್ಯಾನಿನಲ್ಲಿ, ಬೀಗದೊಳಗಿರಲಿ. ಒಂದು ಹನಿಯೂ ಮನೆಗೆ ಬರಬಾರದು. ಯಾರಾದರೂ ಕುಡಿದರೆ ಕಣ್ಣು ಮಂಜಾಗುವವರೆಗೆ ಕಾಯಬೇಡಿ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ, ನಿಜ ಹೇಳಿ. ಈಗಲೇ ಎದ್ದು, ನಿಮ್ಮ ಮನೆಯ ಗೂಡಿನಲ್ಲಿ ಯಾವ ಬಾಟಲಿಯಲ್ಲಿ ಏನಿದೆ ನೋಡಿ ಬನ್ನಿ.