ಎರಡು ಮಡಿಕೆಯ ಅಂಗಿ

ಒಂದೂರಿನಲ್ಲಿ ಒಂದು ಪುಟ್ಟ ಅಂಗಿ ಇತ್ತಂತೆ. ಅದರ ಒಡತಿ ಬೆಳೆದು, ಕೆಲಸಕ್ಕೆ ಸೇರಿ, ನಿವೃತ್ತಿಯಾಗಿ, ತಲೆ ಪೂರ್ತಿ ನರೆತರೂ ಅಂಗಿ ಮಾತ್ರ ಮೂರು ತಿಂಗಳ ಕೂಸಿನ ಅಳತೆಯಲ್ಲೇ ಉಳಿದಿತ್ತಂತೆ. ತನ್ನನ್ನು ಹೊಲಿದ ಕೈ ಯಾವುದೆಂದು ಅದು ಯಾರಿಗೂ ಹೇಳಿರಲಿಲ್ಲವಂತೆ. ನನ್ನ ಅಜ್ಜಿ ಇದ್ದಿದ್ದರೆ ಈ ಕಥೆಯನ್ನು ಹೀಗೇ ಶುರು ಮಾಡಿ, ಆಮೇಲೆ ಅಂಗಿಗೇ ಮಾತು ಬರಿಸುತ್ತಿದ್ದಳು. ನನಗೆ ಆ ವಿದ್ಯೆ ಬರುವುದಿಲ್ಲ. ನನಗಿರುವುದು ಒಂದು ಭೂತಗನ್ನಡಿ, ಒಂದು ಚಿಮಟ ಮತ್ತು ಸೋದರತ್ತೆಯ ಬೈಗುಳ.

ಅತ್ತೆಯದು ಹಳೆಯ ಉಡುಪುಗಳ ಅಂಗಡಿ. ಮುಂದಿನ ಕೋಣೆಯಲ್ಲಿ ಕೋಟು, ಟೋಪಿ, ಕೈಚೀಲಗಳು. ಹಿಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜು. ಬಂದ ಬಟ್ಟೆಯ ವಯಸ್ಸು ಕಂಡುಹಿಡಿಯುವುದು ಅಲ್ಲಿ.

ಆ ಅಂಗಿಯನ್ನು ತಂದವರು ಟೈಪಿಸ್ಟ್ ಆಗಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದವರು. ಅವರು ಬೆಳೆದ ಅನಾಥಾಲಯವನ್ನು ಮುಚ್ಚುವಾಗ, ಅವರ ಸಂಖ್ಯೆ ಬರೆದಿದ್ದ ಪೊಟ್ಟಣವೊಂದನ್ನು ಕಳಿಸಿಕೊಟ್ಟಿದ್ದರು. ಒಳಗೆ ಇದೊಂದೇ ಇತ್ತು.

“ಅಲ್ಲಿಯ ದಾಖಲೆ ಪುಸ್ತಕದಲ್ಲಿ ‘ಹೆಣ್ಣು ಮಗು, ಸುಮಾರು ಮೂರು ತಿಂಗಳು’ ಅಂತ ಮಾತ್ರ ಬರೆದಿದ್ದಾರೆ,” ಎಂದರು. “ನಾನು ಇದನ್ನ ಹಾಕ್ಕೊಂಡೇ ಬಂದ್ನಾ, ಇಲ್ಲಾ ಅವ್ರು ಆಮೇಲೆ ಯಾವ್ದೋ ಒಂದನ್ನ ತುರುಕಿಟ್ರಾ, ಅಷ್ಟು ಗೊತ್ತಾದ್ರೆ ಸಾಕು. ಅಮ್ಮಂದು ಅಂತ ನನ್ ಹತ್ರ ಬೇರೆ ಏನೂ ಇಲ್ಲ ಮರಿ.”

“ಯಾವಾಗ ಹೊಲಿದದ್ದು, ಯಾರು ಹೊಲಿದದ್ದು, ಎರಡೂ ಹೇಳ್ತೀನಿ ಅಜ್ಜಿ. ಶುಕ್ರವಾರ ಬನ್ನಿ,” ಎಂದುಬಿಟ್ಟೆ.

ಅವರು ಮೆಟ್ಟಿಲಿಳಿದ ಮೇಲೆ ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. “ಯಾರು ಅಂತಾನೂ ಹೇಳ್ತೀಯಾ? ಹೊಲಿದೋರು ನಿನ್ ಕನಸಲ್ಲಿ ಬಂದು ವಿಳಾಸ ಕೊಡ್ತಾರಾ? ನಮ್ಮಮ್ಮ ನಿಂಗೆ ತುತ್ತಿನ ಜೊತೆ ಕಥೆ ಕಲಸಿ ತಿನ್ನಿಸಿ ಕೆಡಿಸಿಬಿಟ್ಲು.”

ನಮ್ಮ ಕೆಲಸಕ್ಕೆ ಒಂದು ನಿಯಮವಿದೆ. ಉಡುಪಿನಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಅದನ್ನು ಹಿಡಿದು ವಯಸ್ಸು ಹೇಳಬೇಕು. ಹಳೆಯ ಬಟ್ಟೆ, ಹಳೆಯ ನೂಲು ಇಟ್ಟುಕೊಂಡು ನಾಳೆಯೂ ಹೊಲಿಯಬಹುದು. ಇನ್ನೂ ಹುಟ್ಟದ ಗುಂಡಿಯನ್ನು ಯಾರೂ ಹಾಕಲಾರರು. ಈ ಅಂಗಿಯ ಬೆನ್ನಿಗೆ ಮೂರು ಪ್ಲಾಸ್ಟಿಕ್ ಟಿಚ್ ಬಟನ್ ಇದ್ದವು. ಮಾದರಿಗಳ ಡಬ್ಬಿ ತೆಗೆದು ಹೋಲಿಸಿದೆ. ಅಂಥವು ಅಂಗಡಿಗಳಿಗೆ ಬಂದದ್ದು ಅವರು ಅನಾಥಾಲಯ ಸೇರಿ ಏಳೆಂಟು ವರ್ಷವಾದ ಮೇಲೆ. ಇನ್ನೇನು ನೋಡುವುದು ಎಂದು ಅಲ್ಲಿಗೇ ಬಿಟ್ಟೆ.

ಶುಕ್ರವಾರ ಅದನ್ನೇ ಹೇಳಿದೆ. ತಪ್ಪು ಟೈಪಾದ ಹಾಳೆಯನ್ನು ಸಾಹೇಬರು ವಾಪಸು ಕೊಟ್ಟಾಗ ಆಡಿಸುವಂತೆ ಅವರು ಸುಮ್ಮನೆ ತಲೆಯಾಡಿಸಿದರು.

“ಹಾಗಾದ್ರೆ ನಂದಲ್ಲ. ಇಲ್ಲೇ ಇರ್ಲಿ, ಯಾರಿಗಾದ್ರೂ ಆಗುತ್ತೆ.” ಬಾಗಿಲವರೆಗೆ ಹೋದವರು ತಿರುಗಿ ನೋಡಿ, ತಾವೇ ನನಗೆ ಸಮಾಧಾನ ಹೇಳಿದರು. “ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡೆ? ಇಷ್ಟು ವರ್ಷ ಇಲ್ದೇ ಇದ್ದದ್ದು ಈಗ್ಲೂ ಇಲ್ಲ. ಅಷ್ಟೇ.”

ಸೋಮವಾರ ಅಂಗಿಯನ್ನು ತೊಳೆಯಲು ತೆಗೆದುಕೊಂಡೆ. ತೊಳೆಯುವ ಮುನ್ನ ಗುಂಡಿಗಳನ್ನೆಲ್ಲ ನೂಲು ಕತ್ತರಿಸಿ ತೆಗೆದಿಡುವುದು ನಮ್ಮ ರೂಢಿ. ಮೊದಲ ಟಿಚ್ ಬಟನ್ ಬಿಚ್ಚಿದೆ. ಅದರ ಅಡಿಯಲ್ಲಿ ಒಂದು ಸಣ್ಣ ಸೀಳು, ಸುತ್ತಲೂ ಕೂದಲಿನಷ್ಟು ನವಿರಾದ ಕೈಹೊಲಿಗೆ. ಕಾಜಾ! ಅದನ್ನು ಆಮೇಲೆ ಯಾರೋ ದಪ್ಪ ನೂಲಿನಿಂದ ಅಡ್ಡಾದಿಡ್ಡಿ ಮುಚ್ಚಿದ್ದರು. ಎದುರಿನ ಪಟ್ಟಿಯಲ್ಲಿ ಗುಂಡಿ ಕತ್ತರಿಸಿದ ನೂಲಿನ ತುದಿಗಳಿದ್ದವು. ಎರಡನೆಯದರ ಅಡಿಯಲ್ಲೂ ಹಾಗೇ. ಮೂರನೆಯದರ ಅಡಿಯಲ್ಲೂ.

“ಅತ್ತೆ, ಬಾ ಇಲ್ಲಿ.”

ಅತ್ತೆ ಬಂದು ನೋಡಿದಳು. ಭೂತಗನ್ನಡಿ ಹಿಡಿದು ಮೂರೂ ಕಾಜಾಗಳನ್ನು ಎಣಿಸಿದಳು, ಬೈಯಲಿಲ್ಲ. ಅದೇ ನನಗೆ ಹೆಚ್ಚು ಚುರುಕು ಮುಟ್ಟಿಸಿತು.

“ಹೊಸದನ್ನ ನೋಡು ಅಂದಿದ್ದೆ. ಅದು ಹುಟ್ಟಿದಾಗ್ಲೇ ಇತ್ತಾ, ಆಮೇಲೆ ಬಂದು ಸೇರ್ತಾ ಅಂತ ನೋಡೋದು ಬಿಟ್ಯಲ್ಲೇ. ನಾನೂ ಅಷ್ಟೇ, ನೀನು ಹೇಳಿದ್ದಕ್ಕೆ ಹೂಂಗುಟ್ಟಿದೆ. ಕೂತ್ಕೋ, ಪೂರ್ತಿ ನೋಡು.”

ಪೂರ್ತಿ ನೋಡಿದೆ. ಬಟ್ಟೆ ದೊಡ್ಡವರ ಉಡುಪಿನದು. ಬಿಚ್ಚಿದ ಹಳೆಯ ಹೊಲಿಗೆಯ ತೂತುಗಳು ಅಂಗಿಯ ಎದೆಯ ಮೇಲೆ ಅಡ್ಡಲಾಗಿ ಸಾಲಿಟ್ಟಿದ್ದವು. ಕೆಳ ಅಂಚಿನ ಮೇಲೆ ಬೆರಳಗಲದ ಎರಡು ಮಡಿಕೆಗಳು. ಅಂದಕ್ಕೆ ಇಟ್ಟದ್ದೆಂದುಕೊಂಡಿದ್ದೆ. ಮಗು ಉದ್ದವಾದಂತೆ ಒಂದೊಂದಾಗಿ ಬಿಚ್ಚಿ ಇಳಿಸಲೆಂದು ಹಿಡಿದ ಮಡಿಕೆಗಳವು. ಯಾರೂ ಬಿಚ್ಚಿರಲಿಲ್ಲ. ಚಿಮಟದಿಂದ ಒಂದನ್ನು ಅಗಲಿಸಿದೆ. ಹೊರಗೆ ಮಾಸಿ ಬೂದಿಯಂತಾಗಿದ್ದ ಬಣ್ಣ ಒಳಗೆ ಇನ್ನೂ ಕಡುನೀಲಿ, ಅದರ ಮೇಲೆ ಬಿಳಿ ಚುಕ್ಕಿ. ಅದೇ ಚುಕ್ಕಿಯ ತುಂಡು, ವರ್ಷವಾರು ಬಟ್ಟೆ ಅಂಟಿಸಿದ್ದ ನಮ್ಮ ಮಾದರಿ ಪುಸ್ತಕದಲ್ಲಿತ್ತು, ಅವರು ಹುಟ್ಟುವುದಕ್ಕೆ ಮೂರು ವರ್ಷ ಹಿಂದಿನ ಪುಟದಲ್ಲಿ.

ಅಂದೇ ಮಧ್ಯಾಹ್ನ ಅವರ ಮನೆಗೆ ಹೋದೆ. ಎರಡನೇ ಮಹಡಿಯ ಒಂದೇ ಕೋಣೆ. ಮೇಜಿನ ಮೇಲೆ ಅಂಗಿಯನ್ನು ಮಗುಚಿ ಹಾಸಿ, ತಪ್ಪೊಪ್ಪಿಕೊಂಡು, ಕಾಜಾಗಳನ್ನು ತೋರಿಸಿದೆ. “ನೀವು ಬೆಳೆದಲ್ಲಿ ಗುಂಡಿ ಕಿತ್ತು ಇಂಥವನ್ನ ಹಾಕ್ತಿದ್ರಾ ಅಜ್ಜಿ?”

ಅವರು ಕುರ್ಚಿ ಎಳೆದುಕೊಂಡು ಕುಳಿತರು. “ಒಂದು ಮಗು ಗುಂಡಿ ನುಂಗಿಬಿಟ್ಟಿತ್ತು. ಆಮೇಲೆ ಇದ್ದಬದ್ದ ಸಣ್ಣ ಬಟ್ಟೆನೆಲ್ಲ, ಪೊಟ್ಟಣದಲ್ಲಿದ್ದದ್ದನ್ನೂ ತೆಗ್ದು, ರಾಶಿ ಹಾಕಿ, ಟಿಚ್ ಬಟನ್ ಹಾಕೋಕೆ ನಮ್ಮನ್ನ ಕೂರಿಸಿದ್ರು. ನಂಗಾಗ ಎಂಟು. ಬೆರಳೆಲ್ಲ ಚುಚ್ಚಿಕೊಂಡಿದ್ದೆ.” ದಪ್ಪ ನೂಲಿನ ಗಂಟನ್ನು ಉಗುರಿನಿಂದ ಸವರಿದರು. “ಈ ಹಾಳು ಹೊಲಿಗೆ ನಂದೇ ಇದ್ರೂ ಇರ್ಬಹುದು. ಮತ್ತೆ ಈ ಮಡಿಕೆ ಯಾಕೆ?”

“ನೀವು ಬೆಳೀತೀರಿ ಅಂತ.”

ಕೆಳಗೆ ಬೀದಿಯಲ್ಲಿ ಯಾರೋ ಬಾಗಿಲ ಶಟರ್ ಎಳೆದರು. ಅವರು ಮಡಿಕೆಯ ಮೇಲಿಂದ ಬೆರಳು ತೆಗೆಯಲಿಲ್ಲ.

“ಬಿಟ್ಟು ಹೋಗೋಳು ಅಷ್ಟು ಮುಂದಿಂದು ಯೋಚ್ನೆ ಮಾಡ್ತಾಳಾ?”

“ಇದನ್ನ ಹೊಲಿದ ದಿನ ಬಿಟ್ಟು ಹೋಗೋ ಯೋಚ್ನೆ ಇರ್ಲಿಲ್ಲ. ಬಟ್ಟೆ ಅಷ್ಟು ಹೇಳುತ್ತೆ. ಹೆಸರು ಹೇಳಲ್ಲ ಅಜ್ಜಿ.”

“ಬರ್ದು ಕೊಡು,” ಎಂದು ಬಿಳಿ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು.

ಕಾಲ: ಮಗು ಅನಾಥಾಲಯಕ್ಕೆ ಬರುವುದಕ್ಕೆ ಮೊದಲು. ಬಟ್ಟೆ: ಹೆಂಗಸೊಬ್ಬಳ ನೀಲಿ ಉಡುಪು ಕತ್ತರಿಸಿದ್ದು. ಮುಂದಿನ ಸಾಲಿಗೆ ಪೆನ್ನು ನಿಂತಿತು. ಅತ್ತೆಯಾಗಿದ್ದರೆ ಪುರಾವೆ ಎಲ್ಲಿ ಎಂದು ಕೇಳುತ್ತಿದ್ದಳು. ಎರಡು ಮಡಿಕೆಗಳನ್ನು ಮತ್ತೊಮ್ಮೆ ನೋಡಿ ಬರೆದೆ: ಹೊಲಿದವರು, ತಾಯಿ.

ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು.

“ಸಹಿ ಎಲ್ಲಿ? ಸಹಿ ಇಲ್ದೇ ಇದ್ರೆ ನಮ್ಮ ಆಫೀಸಲ್ಲಿ ಮುಟ್ತಿರ್ಲಿಲ್ಲ,” ಎಂದರು.

ನಾನು ಸಹಿ ಹಾಕಿದೆ.